ಬಳಸಿದವರದೇ ಬಾವಿ ಸಾಲು

ಹೋದ ವಾರ ಒಂದು ಸಂಜೆ ಚಟ್ನಿಪುಡಿಗೆಂದು ಕೊಬ್ಬರಿ ತುರಿಯುತ್ತ ಕೂತಿದ್ದೆ. ತಿಪಟೂರಿನಲ್ಲಿ ಇದ್ದುಕೊಂಡು ಕೊಬ್ಬರಿಯ ಘಮ ಬಂತು ಅಂತ ಬರೆದರೆ ಓದುವವರು ನಕ್ಕಾರು. ಆದರೂ ತುರಿಯುವಾಗ ಏಳುವ ಆ ಎಣ್ಣೆ ವಾಸನೆಗೆ ನನಗೆ ಯಾರ್ಯಾರೋ ನೆನಪಾಗುತ್ತಾರೆ, ಅವರಲ್ಲಿ ಅರ್ಧ ಜನ ಜಗಳಗಂಟರು. ಅಷ್ಟರಲ್ಲಿ ಪಕ್ಕದ ಮನೆಯ ಹುಡುಗಿ ಫೋನು ಹಿಡಿದುಕೊಂಡು ಬಂದಳು. ನಾನು ರಿಟೈರಾದ ಇಂಗ್ಲಿಷ್ ಟೀಚರು ಎನ್ನುವುದು ಬೀದಿಗೆಲ್ಲ ಗೊತ್ತು. ಹಾಗಾಗಿ ಪರೀಕ್ಷೆ ಹತ್ತಿರ ಬಂದಾಗ ನನಗೂ ಸ್ವಲ್ಪ ಬೆಲೆ ಬರುತ್ತದೆ.

“ಆಂಟಿ, ಯೂಸರ್ಪ್ ಅಂದ್ರೆ ಸಿಂಹಾಸನ ಕಬಳಿಸೋದು ಅಂತ ತೋರಿಸ್ತಿದೆ. ಈಗ ರಾಜರೇ ಇಲ್ವಲ್ಲ, ಈ ಪದ ಯಾಕೆ ಕಲೀಬೇಕು?”

ರಾಜರಿಲ್ಲವಂತೆ! ನನಗೆ ಎಷ್ಟು ನಗು ಬಂತೆಂದರೆ ತುರಿಮಣೆ ಪಕ್ಕಕ್ಕೆ ಸರಿಸಬೇಕಾಯಿತು. ಪಾಪ, ಅವಳ ಅಪ್ಪ ದಿನಾ ಬೆಳಿಗ್ಗೆ ತನ್ನ ಸ್ಕೂಟರನ್ನು ನನ್ನ ಗೇಟಿಗೆ ಒರಗಿಸಿ ನಿಲ್ಲಿಸುತ್ತಾನೆ. ಮೊದಲ ಸಲ “ಎರಡು ನಿಮಿಷ ಮೇಡಂ” ಅಂದಿದ್ದ. ಈಗ ನಮ್ಮ ಮನೆಗೆ ಯಾರಾದರೂ ಬಂದು ಅಲ್ಲಿ ಗಾಡಿ ನಿಲ್ಲಿಸಿದರೆ ಮುಖ ಗಂಟು ಹಾಕಿಕೊಳ್ಳುತ್ತಾನೆ. ಆದರೆ ಮಗುವಿನ ಎದುರು ಅವರಪ್ಪನನ್ನು ಉದಾಹರಣೆ ಕೊಡಬಾರದಲ್ಲ. ಅದಕ್ಕೇ ಯಾವುದೋ ದೇಶದ ಸೇನಾಪತಿಯ ಕಥೆ ಹೇಳಿ ಕಳಿಸಿದೆ. ಇಷ್ಟು ವರ್ಷ ತರಗತಿಯಲ್ಲೂ ಹೀಗೆಯೇ ಯಾವ ಊರಿನದೋ ಸೇನಾಪತಿಗಳನ್ನು ಹಿಡಿದು ತಂದು ನಿಲ್ಲಿಸಿದ್ದೇನೆ. ನಮ್ಮ ಗೌರತ್ತೆಯ ಕಥೆಯನ್ನು ಮಾತ್ರ ಯಾವ ಮಕ್ಕಳಿಗೂ ಹೇಳಲಿಲ್ಲ. ನಿಮಗೆ ಹೇಳುತ್ತೇನೆ, ಕೂತುಕೊಳ್ಳಿ.

ನನಗೆ ಈ ಪದ ಕಲಿಸಿದವರು ಹಂದನಕೆರೆ ಕಡೆಯ ನಮ್ಮೂರಿನ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು. ಪ್ರತಿ ಪದದ ಬೇರು ಅಗೆಯುವ ಚಟ ಅವರಿಗೆ. ಪಾಠ ಮುಗಿಯದಿದ್ದರೂ ಚಿಂತೆಯಿಲ್ಲ, ಬೇರು ಮಾತ್ರ ಕೈಗೆ ಸಿಗಬೇಕು. ಹುಡುಗರು ಅವರಿಗೆ ಬೇರು ಮೇಷ್ಟ್ರು ಅಂತಲೇ ಹೆಸರಿಟ್ಟಿದ್ದರು. ಎಮರ್ಜೆನ್ಸಿ ಮುಗಿದ ಹೊಸದು ಅದು. ಹೋಟೆಲಿನಲ್ಲಿ, ಕ್ಷೌರದಂಗಡಿಯಲ್ಲಿ, ಸೊಸೈಟಿಯ ಸೀಮೆಎಣ್ಣೆ ಸಾಲಿನಲ್ಲಿ ಎಲ್ಲ ಕಡೆ ಕುರ್ಚಿಯದೇ ಮಾತು. ಯಾರು ಹತ್ತಿದರು, ಯಾರು ಇಳಿದರು, ಯಾರು ಇಳಿಯದೆ ಕೂತರು. ಹೀಗಿರುವಾಗ ಪಾಠದಲ್ಲಿ ಆ ಪದ ಬಂದರೆ ಬೇರು ಮೇಷ್ಟ್ರು ಬಿಡುತ್ತಾರೆಯೇ?

“ಲ್ಯಾಟಿನ್ ಭಾಷೇಲಿ ಊಸುಸ್ ಅಂದ್ರೆ ಬಳಕೆ. ರಾಪೆರೆ ಅಂದ್ರೆ ಕಿತ್ತುಕೊಳ್ಳೋದು. ಎರಡೂ ಕೂಡ್ಕೊಂಡು ಯೂಸರ್ಪ್ ಆಯ್ತು ಅಂತ ತಿಳಿದವರು ಹೇಳ್ತಾರೆ,” ಎಂದು ಸೀಮೆಸುಣ್ಣ ಮೇಲೆತ್ತಿದರು. “ಕತ್ತಿ ಹಿಡಿದು ನುಗ್ಗಿ ಕಿತ್ಕೊಳ್ಳೋನು ಬರೀ ದರೋಡೆಕೋರ ಕಣ್ರೋ. ಇವನು ಹಂಗಲ್ಲ. ಇವತ್ತು ಸ್ವಲ್ಪ ಕೂತ್ಕೋತೀನಿ ಅಂತಾನೆ. ನಾಳೆ ಇದು ನಾನು ಕೂರೋ ಜಾಗ ಅಂತಾನೆ. ನಾಡಿದ್ದು, ನೀನ್ಯಾರಯ್ಯ ಅಂತಾನೆ.”

ತರಗತಿಗೆಲ್ಲ ಒಂದೇ ಏಟಿಗೆ ಅರ್ಥವಾಯಿತು. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವ ಗಂಡಸರನ್ನು ನಾವು ನೋಡಿಯೇ ಬೆಳೆದವರು. ಮುದುಕಿಯೊಬ್ಬಳು ಕಷ್ಟಪಟ್ಟು ಮೊದಲೇ ಹತ್ತಿ ಆ ಸೀಟಿನಲ್ಲಿ ಕೂತಿದ್ದರೂ “ಟವಲ್ ಕಾಣಲ್ವೇನಮ್ಮ?” ಅಂತ ಗದರಿಸುವರು. ಟವೆಲ್ಲಿಗೆ ಇರುವ ಹಕ್ಕು ಮನುಷ್ಯರಿಗೆ ಇರಲಿಲ್ಲ, ಅದರಲ್ಲೂ ಸೀರೆ ಉಟ್ಟ ಮನುಷ್ಯರಿಗೆ. ಹೋಗಲಿ ಬಿಡಿ, ಬಸ್ಸಿನ ಜಗಳ ಹಿಡಿದರೆ ನಾನು ಊರು ಮುಟ್ಟುವುದಿಲ್ಲ.

ನಮ್ಮದು ಕೂಡು ಕುಟುಂಬ. ಯಜಮಾನಿಕೆ ನಮ್ಮ ದೊಡ್ಡಪ್ಪನದು. ದೊಡ್ಡಪ್ಪ ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳಲು ಅವಕಾಶ ಸಿಗುವುದಿಲ್ಲ. ಹಬ್ಬಕ್ಕೆ ಬಂದ ತಂಗಿ ವಾಪಸ್ಸು ಹೊರಟರೆ ಊರ ಬಾಗಿಲವರೆಗೂ ಹೋಗಿ ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡು ಬರುತ್ತಿದ್ದರು. ಆ ತಂಗಿಯೇ ಗೌರತ್ತೆ, ನನ್ನ ಸೋದರತ್ತೆ. ಹಾಲ್ಕುರಿಕೆ ಕಡೆ ಕೊಟ್ಟಿದ್ದರು. ಅವಳ ಮದುವೆಯಲ್ಲಿ ನಮ್ಮ ತಾತ ಚಪ್ಪರದ ಕೆಳಗೆ ಹತ್ತು ಜನ ಕೇಳುವಂತೆ, “ಬಾವಿ ಸಾಲು ನನ್ನ ಮಗಳ ಅರಿಶಿನ ಕುಂಕುಮಕ್ಕೆ” ಅಂದಿದ್ದರಂತೆ. ನಮ್ಮ ತೋಟದಲ್ಲಿ ಬಾವಿಯ ಮಗ್ಗುಲಿಗೆ ಇರುವ ತೆಂಗಿನ ಸಾಲು ಅದು. ಬೇಸಿಗೆಯಲ್ಲೂ ನೀರಿನ ಪಸೆ ಸಿಗುವುದರಿಂದ ತೋಟಕ್ಕೆಲ್ಲ ಒಳ್ಳೆಯ ಗೊನೆ ಆ ಸಾಲಿನದೇ. ಕಾಗದವಿಲ್ಲ, ಪತ್ರವಿಲ್ಲ. ಹೆಣ್ಣುಮಗಳಿಗೆ ಹೀಗೆ ಅರಿಶಿನ ಕುಂಕುಮಕ್ಕೆ ಬಿಡುವುದು ನಮ್ಮ ಕಡೆ ನಡೆದುಬಂದದ್ದು, ಮಾತೇ ಪತ್ರ. ಮರ ಅಣ್ಣನ ತೋಟದಲ್ಲೇ ಇರುತ್ತದೆ, ಫಸಲು ತಂಗಿಯದು.

ಗಂಡನ ಮನೆಯಲ್ಲಿ ಗೌರತ್ತೆಗೆ ಊಟಕ್ಕೆ ಬಟ್ಟೆಗೆ ಕೊರತೆಯಿರಲಿಲ್ಲ. ಆದರೆ ಒಂದು ಡಜನ್ ಬಳೆ ತೊಡಬೇಕಾದರೂ ಅತ್ತೆಯನ್ನು ಕೇಳಬೇಕು, ಅತ್ತೆ ಮಗನನ್ನು ಕೇಳಬೇಕು, ಮಗ ಈ ವಾರ ಬೇಡ ಅನ್ನಬೇಕು. ಲೋಕದಲ್ಲಿ ಯಾರಿಗೂ ಕೈ ಚಾಚದೆ ಅವಳದು ಅಂತ ಇದ್ದದ್ದು ಆ ಸಾಲು ಒಂದೇ. “ನಂದೂ ಒಂದು ಸಾಲೈತೆ ಕಣೇ” ಅಂತ ನನ್ನ ಹತ್ತಿರ ಆಗಾಗ ಹೇಳುತ್ತಿದ್ದಳು, ಹೇಳುವಾಗ ಕತ್ತು ಸ್ವಲ್ಪ ನೆಟ್ಟಗಾಗುತ್ತಿತ್ತು.

ಮೊದಮೊದಲು ಕಾಯಿ ಕೆಡವಿಸಿದ ಮೇಲೆ ದೊಡ್ಡಪ್ಪ ಬಾವಿ ಸಾಲಿನ ಕಾಯಿಯನ್ನು ಬೇರೆ ಮಾಡಿ ಗಾಡಿಗೆ ತುಂಬಿ ಹಾಲ್ಕುರಿಕೆಗೆ ಕಳಿಸುತ್ತಿದ್ದರು. ಆಮೇಲೆ, “ಹಸೀಕಾಯಿ ಯಾಕೆ ಹೊತ್ಕೊಂಡೋಗ್ತೀಯ, ನಮ್ಮ ಅಟ್ಟದಾಗೇ ಒಣಗ್ಲಿ ಬುಡು” ಅಂದರು. ನಮ್ಮ ಕಡೆ ಕೊಬ್ಬರಿಯಾಗಬೇಕಾದರೆ ಕಾಯಿ ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಮಲಗಬೇಕು. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಿಟಕು, ಅಂದರೆ ಒಳಗೆ ಒಣಗಿ ಬಿಟ್ಟುಕೊಂಡ ಇಡೀ ಕೊಬ್ಬರಿ, ಗಡಗಡ ಅನ್ನುವವರೆಗೂ ಅದನ್ನು ಮುಟ್ಟುವ ಹಾಗಿಲ್ಲ. ಅಟ್ಟ ಹತ್ತಿದ ಕಾಯಿಗಳಲ್ಲಿ ಅಣ್ಣನದು ಯಾವುದು, ತಂಗಿಯದು ಯಾವುದು ಅಂತ ಬ್ರಹ್ಮ ಬಂದರೂ ಹೇಳಲಾರ. ಕಾಯಿ ಹೋಗಿ ಕೊಬ್ಬರಿ ಚೀಲ ಬಂತು. ಒಂದು ವರ್ಷ ಇಲಿ ಕಾಟ ಜಾಸ್ತಿ ಅಂತ ಚೀಲ ಸಣ್ಣದಾಯಿತು. ಇನ್ನೊಂದು ವರ್ಷ ಅಟ್ಟ ಸೋರಿತು. ವಿಚಿತ್ರವೆಂದರೆ ನಮ್ಮ ಮನೆಯ ಇಲಿಗಳಿಗೆ ಹೆಣ್ಣುಮಗಳ ಕಾಯಿ ಯಾವುದು ಅಂತ ಚೆನ್ನಾಗಿ ಗೊತ್ತಿತ್ತು. ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಬಾವಿ ಸಾಲಿನ ಫಸಲೆಂದರೆ ಗೌರಿ ಹಬ್ಬದ ಬಾಗಿನದ ಮೊರದಲ್ಲಿ ಸೀರೆ, ರವಿಕೆ ಕಣದ ಮಧ್ಯೆ ಇಡುವ ನಾಲ್ಕು ಗಿಟಕು ಅನ್ನುವಂತಾಗಿತ್ತು. ಅದನ್ನು ಕೊಡುವಾಗಲೂ ದೊಡ್ಡಪ್ಪನ ಕಣ್ಣಲ್ಲಿ ನೀರು. ಕದ್ದಿದ್ದರೆ ಕಳ್ಳ ಅನ್ನಬಹುದಿತ್ತು. ಪ್ರೀತಿಯಿಂದ ತಿಂದವನಿಗೆ ಏನನ್ನುತ್ತೀರಿ?

ಏನನ್ನಬೇಕು ಅಂತ ನನಗೆ ಬೇರು ಮೇಷ್ಟ್ರು ಹೇಳಿಕೊಟ್ಟರು. ಅದು ಗೌರಿ ಹಬ್ಬದ ವಾರ. “ಆ ಪದ ಹಾಕಿ ಒಂದೊಂದು ಸೆಂಟೆನ್ಸ್ ಹೇಳ್ರಪ್ಪ” ಅಂದರು. ಹುಡುಗರು ರಾಜ, ಮಂತ್ರಿ, ಸಿಂಹಾಸನ ಅಂತ ತಡವರಿಸಿದರು. ನನ್ನ ಸರದಿ ಬಂದಾಗ ಎದ್ದು ನಿಂತು ಗಟ್ಟಿಯಾಗಿ, “ಮೈ ಅಂಕಲ್ ಹ್ಯಾಸ್ ಯೂಸರ್ಪ್ಡ್ ಮೈ ಆಂಟ್ಸ್ ಕೋಕನಟ್ ಟ್ರೀಸ್” ಅಂದೆ. ಧೈರ್ಯ ಏನಲ್ಲ, ನನಗೆ ಗೊತ್ತಿದ್ದ ಉದಾಹರಣೆ ಅದೊಂದೇ. ಮೇಷ್ಟ್ರಿಗೆ ಆದ ಸಂತೋಷ ಹೇಳತೀರದು. ಕ್ರಿಯಾಪದ ಸರಿ, ಕಾಲ ಸರಿ, ಎಲ್ಲ ಸರಿ. ಬೆಂಚಿನ ಮೇಲೆ ನಿಲ್ಲಿಸಿ ಚಪ್ಪಾಳೆ ಹೊಡೆಸಿದರು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮೇಷ್ಟ್ರಿಗೆ ಸಂಜೆ ನಮ್ಮ ದೊಡ್ಡಪ್ಪನ ಜಗಲಿಯಲ್ಲಿ ಕಾಫಿ ಕುಡಿಯುವ ಪದ್ಧತಿ. ಅವತ್ತು ಹಬ್ಬಕ್ಕೆ ಬಂದಿದ್ದ ಗೌರತ್ತೆ ಬಾಗಿಲ ಹಿಂದೆ ಹೂ ಕಟ್ಟುತ್ತಿದ್ದಳು. ಮೇಷ್ಟ್ರು ಕಾಫಿ ಲೋಟ ಕೈಗೆ ಬರುತ್ತಲೇ ಶುರು ಮಾಡಿದರು.

“ಯಜಮಾನ್ರೇ, ನಿಮ್ಮ ಹುಡುಗಿ ಇವತ್ತೊಂದು ಸೆಂಟೆನ್ಸು ಹೇಳಿದ್ಳು. ನಮ್ಮ ಸ್ಕೂಲಲ್ಲಿ ಅಂಥದ್ದು ಯಾರೂ ಹೇಳಿಲ್ಲ.” ಇಂಗ್ಲಿಷಿನಲ್ಲಿ ಸ್ವಚ್ಛವಾಗಿ ಒಪ್ಪಿಸಿದರು.

ದೊಡ್ಡಪ್ಪನ ಮೀಸೆ ಅರಳಿತು. “ಹಂಗಂದ್ರೇನು ಮೇಷ್ಟ್ರೇ? ನಮಗೂ ತಿಳಿಯಂಗೆ ಹೇಳಿ.”

“ಅಂದ್ರೆ, ನಮ್ಮ ದೊಡ್ಡಪ್ಪನೋರು... ನಮ್ಮತ್ತೆಯೋರ ತೆಂಗಿನ ಮರಗಳ್ನ...” ಅಲ್ಲಿಗೆ ಮೇಷ್ಟ್ರಿಗೆ ತಾವು ಎಲ್ಲಿ ಕೂತಿದ್ದೇವೆ ಅಂತ ಹೊಳೆಯಿತು. ಕಾಫಿ ಲೋಟ ಅಲ್ಲೇ ನಿಂತಿತು. ವ್ಯಾಕರಣದ ಸಂಭ್ರಮದಲ್ಲಿ ಆ ಮನುಷ್ಯ ಅರ್ಥದ ಕಡೆ ತಿರುಗಿಯೂ ನೋಡಿರಲಿಲ್ಲ ಕಣ್ರೀ!

“ಪೂರ್ತಿ ಹೇಳಿ ಮೇಷ್ಟ್ರೇ,” ಅಂದರು ದೊಡ್ಡಪ್ಪ, ದನಿ ತಗ್ಗಿಸಿ.

“ಬಳಸೀ ಬಳಸೀ... ತಮ್ಮದು ಮಾಡ್ಕೊಂಡವ್ರೆ ಅಂತ. ಅದು ಬರೀ ಉದಾಹರಣೆ ಯಜಮಾನ್ರೇ, ಪುಸ್ತಕದ್ದು.”

ಅವ್ವ ಒಳಗಿನಿಂದಲೇ ನನ್ನ ಜಡೆ ಹಿಡಿದು ಎಳೆದುಕೊಂಡಳು. ದೊಡ್ಡಪ್ಪ ಜೋರಾಗಿ ನಕ್ಕರು. ಆ ನಗು ನಮ್ಮ ಮನೆಯಲ್ಲಿ ಬೈಗುಳಕ್ಕಿಂತ ಕೆಟ್ಟದ್ದು. ಬಾಗಿಲ ಕಡೆ ತಿರುಗಿ, “ಏನವ್ವ ಗೌರೀ, ನಿಂಗೂ ಹಂಗನ್ಸುತ್ತಾ?” ಅಂತ ಕೇಳಿದರು. ಈ ಪ್ರಶ್ನೆಗೆ ಉತ್ತರ ಎಲ್ಲ ತಂಗಿಯರಿಗೂ ಹುಟ್ಟುತ್ತಲೇ ಬಾಯಿಪಾಠ: ಛೇ, ಎಲ್ಲಾದರೂ ಉಂಟೇ ಅಣ್ಣಯ್ಯ. ಗೌರತ್ತೆ ಅದನ್ನು ಹೇಳಲಿಲ್ಲ. ಹೂವಿನ ದಾರ ಹಲ್ಲಲ್ಲಿ ಕಡಿದು, ಹೊಸ್ತಿಲವರೆಗೂ ಬಂದು ನಿಂತು ಮೇಷ್ಟ್ರನ್ನೇ ಕೇಳಿದಳು.

“ಬಳಸ್ಕೊಂಡಿದ್ರೆ ಅವರದ್ದೇ ಆಗೋಯ್ತದೆ ಅಂತಾನಾ ಸ್ವಾಮಿ ಆ ಮಾತು?”

“ಹಂಗೇ ಕಣಮ್ಮ... ಒಂಥರಾ ಹಂಗೇ.”

“ಹಂಗಾರೆ ನಾನು ಈಗ್ಲೇ ಊರಿಗೆ ಹೋಗಲ್ಲ ಬುಡಿ,” ಅಂದು ಒಳಗೆ ಹೋದಳು.

ಇದರ ಬಿಸಿ ನಿಮಗೆ ತಟ್ಟಬೇಕಾದರೆ ನಮ್ಮ ಕಡೆಯ ಒಂದು ಪದ್ಧತಿ ತಿಳಿದಿರಬೇಕು. ತವರಿಗೆ ಬಂದ ಮನೆ ಮಗಳನ್ನು “ಯಾವಾಗ ಹೋಗ್ತೀಯ?” ಅಂತ ಕೇಳಕೂಡದು. ಕೇಳಿದರೆ ಅಟ್ಟಿದ ಹಾಗೆ. ಹೆಣ್ಣುಮಗಳು ನೊಂದು ಹೊಸ್ತಿಲು ದಾಟಿದರೆ ಆ ಮನೆ ಏಳಿಗೆಯಾಗುವುದಿಲ್ಲ ಅಂತ ನಂಬಿಕೆ. ನಾಲ್ಕು ದಿನ ಇದ್ದು ತಾನಾಗಿಯೇ ಹೊರಡುವುದು ಅವಳ ಮರ್ಯಾದೆ. ಇನ್ನೂ ನಾಲ್ಕು ದಿನ ಇರು ಅನ್ನುವುದು ಅಣ್ಣನ ಮರ್ಯಾದೆ. ಈ ಏರ್ಪಾಟು ಎಷ್ಟೋ ತಲೆಮಾರು ಸುಸೂತ್ರವಾಗಿ ನಡೆದದ್ದು ಎರಡು ಕಡೆಯವರೂ ಸುಳ್ಳು ಹೇಳುತ್ತಿದ್ದದ್ದರಿಂದ. ದೊಡ್ಡಪ್ಪ ಹಬ್ಬದ ಮಾರನೆಯ ದಿನ ಅಭ್ಯಾಸದಂತೆ “ಇನ್ನೂ ನಾಲ್ಕು ದಿನ ಇರವ್ವ” ಅಂದರು. ಗೌರತ್ತೆ “ಹೂಂ ಅಣ್ಣಯ್ಯ” ಅಂದಳು.

ಬೆಳಗಾದರೆ ಗೌರತ್ತೆ ಬಾವಿ ಸಾಲಿಗೆ ಹೋಗುವಳು. ಬಿದ್ದ ಗರಿಯನ್ನೆಲ್ಲ ಎಳೆದು ಹೆಣೆದು ಚಾಪೆ ಮಾಡಿ ಮರದ ಬುಡದಲ್ಲಿ ಹಾಸಿಕೊಂಡಳು. ಕಡ್ಡಿ ಸೀಳಿ ಪೊರಕೆ ಕಟ್ಟಿದಳು. ಕರುವನ್ನು ತಂದು ಸಾಲಿನ ಮೊದಲನೆಯ ಮರಕ್ಕೆ ಕಟ್ಟಿದಳು, ಕೊನೆಯ ಎರಡು ಮರದ ನಡುವೆ ಹಗ್ಗ ಬಿಗಿದು ಸೀರೆ ಒಣಹಾಕಿದಳು. ಉದುರಿದ ಕಾಯಿಯನ್ನು ಅಟ್ಟಕ್ಕೆ ಸಾಗಿಸಲು ಆಳು ಬಂದರೆ, “ಇದು ಇಲ್ಲೇ ಇರ್ಲಿ ಕಣಪ್ಪ, ಅಟ್ಟ ಸೋರ್ತದೆ” ಅಂತ ಮರದ ಬುಡದಲ್ಲೇ ಗುಡ್ಡೆ ಹಾಕಿಸಿದಳು. ಜಗಳವಿಲ್ಲ, ಕೂಗಾಟವಿಲ್ಲ. ನಾನು ಸ್ಕೂಲು ಬಿಟ್ಟ ಕೂಡಲೇ ಅಲ್ಲಿಗೆ ಓಡುತ್ತಿದ್ದೆ. ನನ್ನಿಂದಲೇ ಇದೆಲ್ಲ ಆಯಿತು ಅನ್ನುವ ಜಂಭ ನನಗೆ, ನೋಡಿ!

ದೊಡ್ಡಪ್ಪ ಕೇಳುವ ಹಾಗಿಲ್ಲ, ಆದರೆ ಸೂಚಿಸುವುದಕ್ಕೆ ಯಾವ ಅಡ್ಡಿ? ಊಟಕ್ಕೆ ಕೂತಾಗ ಗೋಡೆಗೆ ಹೇಳುವಂತೆ, “ಹಾಲ್ಕುರಿಕೆ ಕಡೆ ಒಳ್ಳೆ ಮಳೆಯಂತೆ, ರಾಗಿ ಪೈರು ಕಳೆ ಕಿತ್ತು ಮುಗಿಸ್ಬೇಕಲ್ಲ” ಅನ್ನುವರು. “ಈಗ ಬಸ್ಸು ನಮ್ಮೂರ ಬಾಗ್ಲಿಗೇ ಬತ್ತದೆ, ಬೆಳಗ್ಗೆ ಹೊತ್ತು ಸೀಟೂ ಖಾಲಿ ಇರ್ತದಂತೆ” ಅನ್ನುವರು. “ಪಾಪ, ಭಾವನಿಗೆ ಊಟಕ್ಕೇನು ಮಾಡ್ತವ್ರೋ” ಅಂತ ನಿಟ್ಟುಸಿರು. ಗೌರತ್ತೆ ಮುದ್ದೆ ಮುರಿಯುತ್ತ, “ಅವರವ್ವ ಅವ್ರಲ್ಲ ಅಣ್ಣಯ್ಯ, ನಾನು ಮಾಡಿದ್ದು ಯಾವತ್ತೂ ಅವರಿಗೆ ರುಚಿಸ್ಲಿಲ್ಲ” ಅನ್ನುವಳು. ಮಹಾನವಮಿ ಬಂತು, ಹೋಯ್ತು.

ಒಂದು ದಿನ ಮಾವನೇ ಬಂದರು, ಹೆಂಡತಿಯನ್ನು ಕರೆದುಕೊಂಡು ಹೋಗಲು. ದೊಡ್ಡಪ್ಪನಿಗೆ ದೇವರೇ ಬಂದಷ್ಟು ಸಂತೋಷ. ಕೈಕಾಲಿಗೆ ನೀರು, ಹೋಳಿಗೆ, ತುಪ್ಪ. ಊಟವಾದ ಮೇಲೆ ಮಾವ ತೋಟಕ್ಕೆ ಬಂದು ಸಾಲಿನ ಉದ್ದಕ್ಕೂ ನಡೆದರು. ಕತ್ತೆತ್ತಿ ಗೊನೆ ನೋಡಿದರು. ಅವರ ಮುಖದಲ್ಲಿ ಹೆಂಡತಿಯ ಮೇಲೆ ಅದುವರೆಗೂ ಕಾಣದಿದ್ದ ಅಕ್ಕರೆ ಮೂಡಿತು.

“ಅಲ್ಲಾ ಕಣೇ, ಇಷ್ಟೂ ನಮ್ದಲ್ವಾ?” ಅಂದರು.

ಗೌರತ್ತೆ ಪೊರಕೆ ಕಡ್ಡಿಯಿಂದ ಕಣ್ಣೆತ್ತದೆ, “ನಮ್ದಲ್ಲ. ನಂದು,” ಅಂದಳು. ಮಾವ ಸಂಜೆ ಬಸ್ಸಿಗೆ ಒಬ್ಬರೇ ವಾಪಸ್ಸು ಹೋದರು. ಹೋಳಿಗೆ ತಿಂದದ್ದೇ ಲಾಭ.

ದೊಡ್ಡವ್ವನ ವಿಷಯ ಹೇಳಬೇಕು. ದೊಡ್ಡಪ್ಪನ ಹೆಂಡತಿಯಾದ ಆಕೆಗೆ ನಾದಿನಿಯ ಮೇಲೆ ಸಿಟ್ಟಿರುತ್ತದೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಒಂದು ಮಧ್ಯಾಹ್ನ ಅವಳೇ ಮಜ್ಜಿಗೆ ಚೆಂಬು ಹಿಡಿದು ಬಾವಿ ಸಾಲಿಗೆ ಬಂದಳು. ಗರಿಯ ಚಾಪೆಯ ತುದಿಯಲ್ಲಿ ಕೂತಳು. ಚೆಂಬು ಕೆಳಗಿಟ್ಟು, “ತುರುವೇಕೆರೆ ಕಡೆ ನಂದೂ ಒಂದು ಸಾಲಿತ್ತು ಗೌರವ್ವ, ನಮ್ಮಪ್ಪ ಬುಟ್ಟಿದ್ದು,” ಅಂದಳು. “ನಮ್ಮಣ್ಣದೀರು ಅದ್ರ ಮಾತೇ ಎತ್ತಲ್ಲ. ನಾನೂ ಎತ್ತಲಿಲ್ಲ.” ಅವಳು ಎದ್ದು ಹೋಗುವಾಗ ಗೌರತ್ತೆ ಒಂದು ಪೊರಕೆ ಕೊಟ್ಟಳು. ಅದನ್ನು ದೊಡ್ಡವ್ವ ಕೊಬ್ಬರಿ ಚೀಲಕ್ಕಿಂತ ಜೋಪಾನವಾಗಿ ಎತ್ತಿಕೊಂಡು ಹೋದಳು.

ಆಮೇಲೆ ಒಬ್ಬೊಬ್ಬರೇ ಶುರುವಾದರು. ಎದುರು ಮನೆಯಾಕೆ ಕರು ನೋಡುವ ನೆಪದಲ್ಲಿ, ಅಂಗಡಿಯಾಕೆ ಪೊರಕೆ ಬೇಕೆಂಬ ನೆಪದಲ್ಲಿ. ಕೇಳಿದರೆ ಪ್ರತಿಯೊಬ್ಬಳಿಗೂ ಎಲ್ಲೋ ಒಂದು ಸಾಲು. ಒಬ್ಬಳಿಗೆ ಹಂದನಕೆರೆಯ ಹತ್ತಿರ, ಇನ್ನೊಬ್ಬಳಿಗೆ ಕಿಬ್ಬನಹಳ್ಳಿ ಕಡೆ, ಮತ್ತೊಬ್ಬಳಿಗೆ ಬರೀ ಒಂದು ಹುಣಸೆ ಮರ. ಎಲ್ಲವನ್ನೂ ಯಾರೋ ಒಬ್ಬ ಅಣ್ಣ ಕಣ್ಣೀರಿಟ್ಟುಕೊಂಡು ಅನುಭವಿಸುತ್ತಿದ್ದ. ದೀಪಾವಳಿ ಹೊತ್ತಿಗೆ ಮಧ್ಯಾಹ್ನವಾದರೆ ಅರ್ಧ ಊರಿನ ಹೆಂಗಸರು ಬಾವಿ ಸಾಲಿನಲ್ಲಿರುತ್ತಿದ್ದರು. ಏನು ನಗು, ಏನು ಮಾತು! ಮನೆಗಳಲ್ಲಿ ಒಲೆ ತಡವಾಗಿ ಹೊತ್ತತೊಡಗಿತು.

ಗಂಡಸರು ಹೆದರಿದರು. ಮೊದಲು ಅವರಿಗೆ ಅನ್ನಿಸಿದ್ದು ನಮ್ಮ ಹೆಂಡತಿಯೂ ಹೋಗಿ ತವರಿನಿಂದ ಏನಾದರೂ ತಂದರೆ ಒಳ್ಳೆಯದೇ ಅಂತ. ಆದರೆ ರಾತ್ರಿ ಮಲಗಿ ಯೋಚಿಸಿದರೆ ಪ್ರತಿ ಗಂಡನೂ ಇನ್ನೆಲ್ಲೋ ಒಬ್ಬಳಿಗೆ ಅಣ್ಣನೇ ಅಲ್ಲವೇ? ಊರಿನ ನಾಲ್ಕು ಜನ ಹಿರಿಯರು ಜಗಲಿಗೆ ಬಂದು ಕೂತರು. ನ್ಯಾಯ ಧರ್ಮ ಅಂತೆಲ್ಲ ಒಂದಿಷ್ಟು ಕೆಮ್ಮಿದ ಮೇಲೆ ಅವರಲ್ಲೊಬ್ಬರು ನಿಜ ಬಿಚ್ಚಿದರು.

“ಕೊಟ್ ಕಳ್ಸಪ್ಪಾ ಮಾರಾಯ. ಇಲ್ದಿದ್ರೆ ನಾಳೆ ನಮ್ಮನೆ ಹೆಣ್ಮಕ್ಳೂ ಗಂಟು ಮೂಟೆ ಕಟ್ಕೊಂಡು ಬಂದು ಕೂತ್ಕತ್ತಾರೆ. ನಮ್ಮ ಹೊಟ್ಟೆ ಮ್ಯಾಲೆ ಹೊಡೀಬ್ಯಾಡ.”

ದೊಡ್ಡಪ್ಪ ಕಾಯಿ ಕೆಡವುವವರನ್ನು ಕರೆಸಿದರು. ಬಾವಿ ಸಾಲಿನ ಗೊನೆಗಳೆಲ್ಲ ಧಡಧಡ ಬಿದ್ದವು. ಒಂದು ಕಾಯಿಯೂ ಅಟ್ಟದ ಕಡೆ ಹೋಗದಂತೆ ಗೌರತ್ತೆ ನಿಂತು ಗಾಡಿಗೆ ತುಂಬಿಸಿದಳು. ತಿಪಟೂರಿಗೆ ಕಳಿಸಿ ತನ್ನ ಲೆಕ್ಕಕ್ಕೇ ಮಾರಿಸಿದಳು, ಗಂಡನ ಮನೆಯ ಅಟ್ಟಕ್ಕೂ ಏರಿಸಲಿಲ್ಲ. ಗಾಡಿ ಹೊರಡುವಾಗ ದೊಡ್ಡಪ್ಪ ನಿಜವಾಗಿಯೂ ಅತ್ತರು. “ಅಲ್ಲ ಗೌರೀ, ಬಾಯಿ ಬಿಟ್ಟು ಕೇಳಿದ್ರೆ ನಾನು ಕೊಡ್ತಿರಲಿಲ್ವೇನವ್ವಾ?”

ಗೌರತ್ತೆಯೂ ಅಳುತ್ತಿದ್ದಳು. ಆದರೂ ಮಾತು ತಡವರಿಸಲಿಲ್ಲ. “ಕೊಡ್ತಿದ್ದೆ ಕಣಣ್ಣಯ್ಯ, ಅದ್ಕೇ ಕೇಳಲಿಲ್ಲ. ಕೇಳಿದ್ರೆ ನೀನು ಕೊಟ್ಟಂಗಾಗ್ತಿತ್ತು. ಅದು ಅಪ್ಪ ಕೊಟ್ಟದ್ದು.”

ಮುಂದೆ ಪ್ರತಿ ವರ್ಷವೂ ಗೌರಿ ಹಬ್ಬಕ್ಕೆ ಬಂದವಳು ಫಸಲು ಇಳಿಯುವವರೆಗೂ ಬಾವಿ ಸಾಲು ಬಿಡುತ್ತಿರಲಿಲ್ಲ. ನಾನು ಕಾಲೇಜಿಗೆ ಬಂದ ಮೇಲೆ ಲೈಬ್ರರಿಯ ದಪ್ಪ ಪುಸ್ತಕವೊಂದರಲ್ಲಿ ಓದಿ ಬೆರಗಾದೆ. ರೋಮನ್ನರ ಹಳೆಯ ಕಾನೂನಿನಲ್ಲಿ ಒಂದು ವರ್ಷ ಜೊತೆಗೆ ಬಾಳಿದರೆ ಹೆಂಡತಿಯೂ ಗಂಡನ ಕೈವಶದ ಸೊತ್ತಾಗಿಬಿಡುತ್ತಿದ್ದಳಂತೆ, ಹೊಲ ಮನೆಯ ಹಾಗೆ, ಬರೀ ಬಳಕೆಯಿಂದ. ಬೇಡವಾದರೆ ಅವಳು ವರ್ಷಕ್ಕೆ ಮೂರು ರಾತ್ರಿ ಮನೆ ಬಿಟ್ಟು ಹೊರಗಿದ್ದು ಬರಬೇಕು. ಆಗ ಅವನ ಲೆಕ್ಕ ಮುರಿದು ಮತ್ತೆ ಮೊದಲಿಂದ ಶುರು. ಹಾಗೆ ಮುರಿಯುವುದಕ್ಕೂ ಅವರು ಇಟ್ಟಿದ್ದ ಹೆಸರು ಯೂಸರ್ಪ್ ಹುಟ್ಟಿದ ಆ ಲ್ಯಾಟಿನ್ ಮಾತೇ! ಬೇರು ಮೇಷ್ಟ್ರಿಗೆ ಇದು ಗೊತ್ತಿರಲಿಲ್ಲ. ಹಾಲ್ಕುರಿಕೆಯ ಗೌರಮ್ಮನಿಗೂ ಗೊತ್ತಿರಲಿಲ್ಲ, ಆದರೆ ಅವಳು ಮೂರು ರಾತ್ರಿಗೆ ಸಮಾಧಾನವಾಗುವ ಪೈಕಿ ಅಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ಗೌರತ್ತೆಗೆ ಮಂಡಿ ನೋವು ಹೆಚ್ಚಾಯಿತು. ನಾನಾಗ ತಿಪಟೂರಿನಲ್ಲಿ ಕೆಲಸಕ್ಕೆ ಸೇರಿ, ಮದುವೆಯಾಗಿ, ಇಂಗ್ಲಿಷ್ ಟೀಚರೆಂಬ ಮರ್ಯಾದೆ ಸಂಪಾದಿಸಿದ್ದೆ. ಮನೆ ಪಾಲಾಗಿ ಬಾವಿ ಇದ್ದ ತೋಟ ನನ್ನ ತಮ್ಮನಿಗೆ ಬಂದಿತ್ತು. ಆ ವರ್ಷ ಹಬ್ಬಕ್ಕೆ ಹೋದಾಗ ಗೌರತ್ತೆ ನನ್ನನ್ನೂ ತಮ್ಮನನ್ನೂ ಸಾಲಿಗೆ ಕರೆದುಕೊಂಡು ಹೋದಳು.

“ನನ್ನ ಗಂಡುಮಕ್ಳಿಗೆ ಕೊಟ್ರೆ ಇದು ಅವರಪ್ಪನ ಅಟ್ಟ ಹತ್ತಿಬುಡ್ತದೆ. ನೀನು ಈ ಮನೆ ಹೆಣ್ಣು, ನೀನಿಟ್ಕೋ ಕೂಸೇ. ಓದ್ದೋಳು ನೀನು, ನಿನ್ ಕೈಯಿಂದ ಯಾರೂ ಕಿತ್ಕಳಕ್ಕಾಗಲ್ಲ,” ಅಂದಳು. ತಮ್ಮ “ಆಗ್ಲಿ ಅತ್ತೆ” ಅಂತ ತಲೆಯಾಡಿಸಿದ. ಅದಾಗಿ ಸ್ವಲ್ಪ ಕಾಲಕ್ಕೆ ಗೌರತ್ತೆ ತೀರಿಕೊಂಡಳು.

ಓದಿದವಳ ಕಥೆ ಕೇಳಿ. ಮೊದಲು ಒಂದೆರಡು ಸಲ ಹೋದೆ. 

ಆಮೇಲೆ ಪರೀಕ್ಷೆ ಪೇಪರು, ಮಕ್ಕಳ ಜ್ವರ, ಇನ್‌ಸ್ಪೆಕ್ಷನ್ನು. ತಮ್ಮ, “ಯಾಕಕ್ಕ ಬಿಸಿಲಲ್ಲಿ ಒದ್ದಾಡ್ತೀಯ, ನಾನೇ ಕೆಡವಿಸಿ ಕಳಿಸ್ತೀನಿ ಬುಡು” ಅಂದ. ಎಷ್ಟು ಒಳ್ಳೆಯ ತಮ್ಮ ಅಂತ ನನಗೆ ಹೆಮ್ಮೆ. ಚೀಲ ಬಂತು. ಅರ್ಧ ಚೀಲ ಬಂತು. ಅಟ್ಟ ಸೋರಿತು. ಒಂದು ದೀಪಾವಳಿಗೆ ಅವನ ಮಗ ಪ್ಲಾಸ್ಟಿಕ್ ಕವರಿನಲ್ಲಿ ಕೈಬೆರಳಲ್ಲಿ ಎಣಿಸುವಷ್ಟು ಗಿಟಕು ತಂದು, “ಅಪ್ಪ ಕೊಟ್ರು ಅತ್ತೆ” ಅಂದ. ನಾನು ಅವನಿಗೆ ಕಾಫಿ ಕೊಟ್ಟು ಥ್ಯಾಂಕ್ಸ್ ಹೇಳಿ ಕಳಿಸಿದೆ! ಅದೇ ವಾರ ತರಗತಿಯಲ್ಲಿ ನಿಂತು ಸೀಮೆಸುಣ್ಣ ಎತ್ತಿ, ಊಸುಸ್ ಅಂದರೆ ಬಳಕೆ, ಅಂತ ಮಕ್ಕಳಿಗೆ ಹೇಳಿರಲೂಬಹುದು. ಈಗ ವರ್ಷಗಳಿಂದ ಆ ಕವರೂ ಇಲ್ಲ. ತಿಪಟೂರು ಸೀಮೆಯಲ್ಲಿ ಒಂದು ಸಾಲು ತೆಂಗಿನ ಯಜಮಾನಿಯಾದ ನಾನು ಅವತ್ತು ತುರಿಯುತ್ತಿದ್ದದ್ದು ಅಂಗಡಿಯಿಂದ ತಂದ ಕೊಬ್ಬರಿ.

ಹುಡುಗಿ ಹೋದ ಮೇಲೆ ಆ ತುರಿ ಡಬ್ಬಕ್ಕೆ ತುಂಬಲೂ ಮನಸ್ಸಾಗಲಿಲ್ಲ. ಸಿಟ್ಟು ಬಂತು. ತಮ್ಮನ ಮೇಲೆ ಎನ್ನುವುದಕ್ಕಿಂತ ನನ್ನ ಮೇಲೆಯೇ. ಮಾರನೆಯ ಬೆಳಿಗ್ಗೆ ಎರಡು ಸೀರೆ ಬ್ಯಾಗಿಗೆ ತುರುಕಿ ಬಸ್ಸು ಹತ್ತಿದೆ. ತಮ್ಮನಿಗೆ ಫೋನು ಮಾಡಲಿಲ್ಲ. ಊರಲ್ಲಿ ಇಳಿದು ಮನೆಗೂ ಹೋಗದೆ ನೇರ ತೋಟಕ್ಕೆ ನಡೆದೆ. ಬಾವಿಗೆ ಮುಳ್ಳು ಬೆಳೆದು ಮುಚ್ಚಿಹೋಗಿದೆ, ಪಕ್ಕದಲ್ಲಿ ಬೋರ್‌ವೆಲ್ಲು. ಸಾಲಿನ ಮರಗಳು ಮಾತ್ರ ಅಲ್ಲೇ ಇವೆ, ನನಗಿಂತ ನೆಟ್ಟಗೆ. ಕೆಳಗೆ ಬಿದ್ದಿದ್ದ ಒಂದು ಕಾಯಿಯನ್ನು ಎತ್ತಿಕೊಂಡೆ.

“ಯಾರಮ್ಮಾ ಅದು?” ತೋಟದ ಆ ತುದಿಯಿಂದ ಒಬ್ಬ ಕೂಗಿದ. ಹತ್ತಿರ ಬಂದ. ತಮ್ಮ ಈ ವರ್ಷ ತೋಟವನ್ನು ಗುತ್ತಿಗೆಗೆ ಕೊಟ್ಟಿದ್ದಾನಂತೆ, ಅವನೇ ಗುತ್ತಿಗೆದಾರ. ನನ್ನ ಸೀರೆ, ಕನ್ನಡಕ, ಬ್ಯಾಗು ಎಲ್ಲ ನೋಡಿ ದನಿ ಸ್ವಲ್ಪ ಇಳಿಸಿದ, ಆದರೆ ಕಣ್ಣು ಕಾಯಿಯ ಮೇಲೆಯೇ. “ಯಾರನ್ನ ಕೇಳಿ ಕಾಯಿ ಎತ್ಕೊಂಡ್ರಿ ನೀವು?”

ನಾನು ಯಜಮಾನರ ಅಕ್ಕ, ತಿಪಟೂರಿನಲ್ಲಿ ಟೀಚರಾಗಿದ್ದೆ, ಸುಮ್ಮನೆ ನೋಡಲು ಬಂದೆ ಕಣಪ್ಪ, ಅನ್ನುವುದೆಲ್ಲ ನಾಲಿಗೆಯ ತುದಿಗೆ ಬಂತು. ಇಷ್ಟು ವರ್ಷ ಹೇಳಿ ಅಭ್ಯಾಸವಾದ ಮಾತುಗಳು, ತಾವಾಗಿಯೇ ಬರುತ್ತವೆ. ಅವನ್ನು ನುಂಗಿಕೊಂಡೆ. ಒಂದು ಒಣಗಿದ ಗರಿಯನ್ನು ಎಳೆದುಕೊಂಡು ಮರದ ಬುಡದಲ್ಲಿ ಹಾಸಿ ಕೂತೆ. ಮಂಡಿ ಕಟಕ್ ಅಂತು.

“ಯಾರನ್ನೂ ಕೇಳಲಿಲ್ಲ,” ಅಂದೆ. “ಹೋಗಿ ನಿಮ್ ಯಜಮಾನ್ರಿಗೆ ಹೇಳಪ್ಪ, ಅಕ್ಕ ಬಾವಿ ಸಾಲಲ್ಲಿ ಕೂತವ್ಳೆ ಅಂತ.”